ಇಂಗ್ಲೆಂಡಿನ ಚಾಕು-ಕತ್ತರಿ ಉದ್ಯಮದಲ್ಲಿ ದುಡಿದ ಪೂರ್ವಜರ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಚಾಕು, ಕತ್ತರಿ, ಕ್ಷೌರದ ಕತ್ತಿ, ಫೋರ್ಕುಗಳನ್ನು ಮಾಡಿ ಬದುಕಿದ ಮನೆತನಗಳ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಬೆಂಗಳೂರು ದಂಡಿನ ಹಳೆಯ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೂ, ಬ್ರಿಟನ್ನಿನಲ್ಲಿ ನೆಲೆಸಿ ಅಲ್ಲಿನ ಮನೆತನಗಳೊಂದಿಗೆ ನಂಟು ಬೆಳೆಸಿದ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬಂದೀತು.

ನಮ್ಮ ಪೂರ್ವಜರೊಬ್ಬರು ‘ಕಟ್ಲರ್’, ಅಂದರೆ ಚಾಕು-ಕತ್ತರಿ ಮಾಡುವವರು, ಆಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ನಿಮಗೆ ಖಚಿತವಾಗಿ ಗೊತ್ತಿರುವ ವ್ಯಕ್ತಿಯಿಂದ ಆರಂಭಿಸಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಮನೆಯಲ್ಲಿರುವ ಹಳೆಯ ಚಾಕುವಿನ ಮೇಲಿನ ಹೆಸರನ್ನು ಹಿಡಿದು ಹೊರಡುವವರು ಬಹಳ ಮಂದಿ; ಆ ದಾರಿ ಹೆಚ್ಚಾಗಿ ತಪ್ಪು ಮನೆಗೆ ಕರೆದೊಯ್ಯುತ್ತದೆ. ಅದರ ಕಾರಣವನ್ನು ಮುಂದೆ ವಿವರಿಸಲಾಗಿದೆ.

ಇಂಗ್ಲೆಂಡಿನಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಆರಂಭವಾಯಿತು. ಜನನ ನೋಂದಣಿಯ ಅಧಿಕೃತ ಆನ್‌ಲೈನ್ ಸೂಚಿಯಲ್ಲಿ ಈಗ ತಾಯಿಯ ತವರಿನ ಉಪನಾಮವೂ ಸಿಗುವುದರಿಂದ, ಒಂದೇ ಹೆಸರಿನ ಇಬ್ಬರು ಮಕ್ಕಳನ್ನು ಬೇರ್ಪಡಿಸುವುದು ಮೊದಲಿಗಿಂತ ಸುಲಭವಾಗಿದೆ. ಅದರ ಜೊತೆಗೆ 1841ರಿಂದ 1921ರವರೆಗೆ ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿಯ ಹಾಳೆಗಳನ್ನು ನೋಡಬೇಕು. 1841ರ ಗಣತಿಯಲ್ಲಿ ಹದಿನೈದು ವರ್ಷ ಮೀರಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ. ಅಲ್ಲಿ 30 ಎಂದಿದ್ದರೆ ನಿಜವಾದ ವಯಸ್ಸು 34 ಇದ್ದರೂ ಇರಬಹುದು. ಹುಟ್ಟಿದ ಊರಿನ ಸ್ಪಷ್ಟ ಹೆಸರು ಸಿಗುವುದು 1851ರಿಂದ. ಕಟ್ಲರಿ ಕೆಲಸಗಾರರ ಮಟ್ಟಿಗೆ ಅತ್ಯಂತ ಬೆಲೆಬಾಳುವುದು 1921ರ ಗಣತಿ, ಏಕೆಂದರೆ ಅದರಲ್ಲಿ ಕೆಲಸ ಕೊಟ್ಟವರ ಹೆಸರನ್ನೂ ಕೆಲಸದ ಸ್ಥಳವನ್ನೂ ಕೇಳಿ ಬರೆದುಕೊಂಡಿದ್ದಾರೆ. 1931ರ ಗಣತಿಯ ಹಾಳೆಗಳು 1942ರಲ್ಲಿ ಬೆಂಕಿಗೆ ಆಹುತಿಯಾದುದರಿಂದ, ಅಲ್ಲಿಂದ ಮುಂದಕ್ಕೆ 1939ರ ರಾಷ್ಟ್ರೀಯ ನೋಂದಣಿಯನ್ನೇ ಅವಲಂಬಿಸಬೇಕಾಗುತ್ತದೆ.

ಎಲ್ಲರೂ ಶೆಫೀಲ್ಡ್ ಎನ್ನುವುದೇಕೆ? ಬೇರೆ ಊರುಗಳಲ್ಲಿ ಈ ಕೆಲಸ ಇರಲಿಲ್ಲವೇ?

ಇತ್ತು. ಲಂಡನ್ನಿನ ಕಟ್ಲರ್‌ಗಳ ಸಂಘಕ್ಕೆ ಐದನೆಯ ಹೆನ್ರಿ ದೊರೆ 1416ರಲ್ಲಿಯೇ ಸನ್ನದು ಕೊಟ್ಟಿದ್ದನು. ಎಸೆಕ್ಸ್ ಸೀಮೆಯ ಥಾಕ್ಸ್ಟೆಡ್ ಮಧ್ಯಯುಗದಲ್ಲಿ ಇದೇ ಕಸುಬಿಗೆ ಹೆಸರಾಗಿತ್ತು. ಆದರೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಶೆಫೀಲ್ಡ್ ಊರಿನ ಸುತ್ತ ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ಹೊಳೆಗಳು ಬೆಟ್ಟದಿಂದ ರಭಸವಾಗಿ ಇಳಿಯುತ್ತಿದ್ದುದರಿಂದ ಸಾಣೆಚಕ್ರ ತಿರುಗಿಸಲು ನೀರಿನ ಬಲವಿತ್ತು, ಸಾಣೆಕಲ್ಲಿಗೆ ತಕ್ಕ ಮರಳುಗಲ್ಲು ಹತ್ತಿರದಲ್ಲಿಯೇ ಇತ್ತು, ಕುಲುಮೆಗೆ ಬೇಕಾದ ಸೌದೆಯೂ ಕಲ್ಲಿದ್ದಲೂ ಸಿಗುತ್ತಿದ್ದವು. 1297ರ ತೆರಿಗೆ ದಾಖಲೆಯೊಂದರಲ್ಲಿ ರಾಬರ್ಟಸ್ ಲೆ ಕೋಟೆಲರ್ ಎಂಬ ಶೆಫೀಲ್ಡ್ ನಿವಾಸಿಯ ಹೆಸರು ಕಾಣುತ್ತದೆ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ಸಾಧಿಸಿದ ಮೇಲೆ ಉತ್ತಮ ಉಕ್ಕು ಊರಿನಲ್ಲಿಯೇ ದೊರೆಯುವಂತಾಯಿತು. 19ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಚಾಕು ತಯಾರಿಕೆಯ ಬಹುಪಾಲು ಇಲ್ಲಿಯೇ ನೆಲೆ ನಿಂತಿತ್ತು. ನಿಮ್ಮ ಪೂರ್ವಜರು ಎಲ್ಲಿದ್ದರೆಂದು ಗೊತ್ತಿಲ್ಲದಿದ್ದರೆ ಮೊದಲು ಇಲ್ಲಿ ಹುಡುಕುವುದೇ ಸರಿ.

ಜನಗಣತಿಯಲ್ಲಿ ‘ಟೇಬಲ್ ಬ್ಲೇಡ್ ಗ್ರೈಂಡರ್’, ‘ಸ್ಪ್ರಿಂಗ್ ನೈಫ್ ಕಟ್ಲರ್’ ಎಂದೆಲ್ಲ ಬರೆದಿದೆ. ಈ ವ್ಯತ್ಯಾಸಗಳಿಗೆ ಅಷ್ಟೊಂದು ಮಹತ್ವವಿದೆಯೇ?

ಇದೆ, ಇಡೀ ಹುಡುಕಾಟದಲ್ಲಿ ಇದಕ್ಕಿಂತ ಮಹತ್ವದ ಸುಳಿವು ಇನ್ನೊಂದಿಲ್ಲವೆಂದರೂ ತಪ್ಪಾಗದು. ಒಂದು ಚಾಕು ಒಬ್ಬನ ಕೈಯಲ್ಲಿ ತಯಾರಾಗುತ್ತಿರಲಿಲ್ಲ. ಕುಲುಮೆಯಲ್ಲಿ ಅಲಗನ್ನು ಬಡಿದು ರೂಪಿಸುವವನು ಫೋರ್ಜರ್. ಅದನ್ನು ಸಾಣೆಕಲ್ಲಿಗೆ ಹಿಡಿದು ಹರಿತಗೊಳಿಸುವವನು ಗ್ರೈಂಡರ್. ಮೂಳೆ, ಕೊಂಬು, ದಂತ, ಮರಗಳ ಹಿಡಿಯನ್ನು ಕೂರಿಸುವವನು ಹಾಫ್ಟರ್. ಕಟ್ಲರ್ ಎಂಬ ಹೆಸರು ಕಟ್ಟುನಿಟ್ಟಾಗಿ ಸಲ್ಲುತ್ತಿದ್ದುದು ಬಿಡಿಭಾಗಗಳನ್ನು ಜೋಡಿಸಿ ಚಾಕುವನ್ನು ಪೂರ್ಣಗೊಳಿಸುವವನಿಗೆ. ಸ್ಪ್ರಿಂಗ್ ನೈಫ್ ಕಟ್ಲರ್ ಎಂದರೆ ಮಡಚುವ ಚಾಕುಗಳನ್ನು ಜೋಡಿಸುವವನು. ಕತ್ತರಿಯ ಎರಡು ಅಲಗುಗಳನ್ನು ಹೊಂದಿಸಿ ಕೂಡಿಸುವವರಿಗೂ ಬೇರೆಯದೇ ಹೆಸರಿತ್ತು. ಊಟದ ಚಾಕು, ಪೆನ್ ಚಾಕು, ಕ್ಷೌರದ ಕತ್ತಿ, ಕತ್ತರಿ, ಫೋರ್ಕು, ಅರ, ಗರಗಸ, ಕುಡುಗೋಲು ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಕೆಲಸಗಾರರು, ಮುಂದೆ ಪ್ರತ್ಯೇಕ ಕಾರ್ಮಿಕ ಸಂಘಗಳು ಇದ್ದವು. ಒಂದು ಶಾಖೆಯವನು ಇನ್ನೊಂದಕ್ಕೆ ದಾಟುವುದು ಅಪರೂಪ, ಮತ್ತು ಮಗನು ಬಹುತೇಕ ತಂದೆಯ ಶಾಖೆಯಲ್ಲಿಯೇ ಮುಂದುವರಿಯುತ್ತಿದ್ದನು.

ಇದರಿಂದ ಆಗುವ ಪ್ರಯೋಜನವನ್ನು ನೋಡಿ. ಶೆಫೀಲ್ಡಿನಲ್ಲಿ ಜಾನ್, ಜಾರ್ಜ್, ವಿಲಿಯಂ ಎಂಬ ಹೆಸರುಗಳೂ ಸ್ಥಳೀಯವಾದ ಕೆಲವೇ ಉಪನಾಮಗಳೂ ಎಷ್ಟೊಂದು ಬಾರಿ ಮರುಕಳಿಸುತ್ತವೆಂದರೆ, ಒಂದೇ ಗಣತಿಯಲ್ಲಿ ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಹಲವರು ಎದುರಾಗುತ್ತಾರೆ. ಅವರಲ್ಲಿ ಒಬ್ಬನು ಕ್ಷೌರದ ಕತ್ತಿಗೆ ಸಾಣೆ ಹಿಡಿಯುವವನು, ಇನ್ನೊಬ್ಬನು ಅರದ ಮೇಲೆ ಹಲ್ಲು ಕಡಿಯುವವನು ಎಂದಿದ್ದರೆ, ವಿವಾಹ ಪ್ರಮಾಣಪತ್ರದಲ್ಲಿ ನಮೂದಾಗಿರುವ ತಂದೆಯ ಉದ್ಯೋಗದೊಂದಿಗೆ ಹೋಲಿಸಿ ನಿಮ್ಮವನನ್ನು ಗುರುತಿಸಬಹುದು. ಆದ್ದರಿಂದ ಉದ್ಯೋಗದ ಕಲಂ ಅನ್ನು ‘ಕಟ್ಲರಿ’ ಎಂದು ಸಂಕ್ಷೇಪಿಸದೆ ಅಕ್ಷರಶಃ ನಕಲು ಮಾಡಿಕೊಳ್ಳಿ.

ಇನ್ನೊಂದು ಪದ ಆಗಾಗ ಎದುರಾಗುತ್ತದೆ: ಲಿಟಲ್ ಮೆಸ್ಟರ್. ಇವರು ದೊಡ್ಡ ಕಾರ್ಖಾನೆಯ ಒಡೆಯರಲ್ಲ; ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ, ಕೆಲವೊಮ್ಮೆ ಬೇರೊಬ್ಬರ ಕೋಣೆಯ ಒಂದು ಕೆಲಸದ ಮೇಜಿನಲ್ಲಿ, ಒಂದಿಬ್ಬರು ಹುಡುಗರನ್ನಿಟ್ಟುಕೊಂಡು ತಮ್ಮ ಶಾಖೆಯ ಕೆಲಸವನ್ನು ಹಲವು ವರ್ತಕರಿಗೆ ಮಾಡಿಕೊಡುತ್ತಿದ್ದ ಸ್ವತಂತ್ರ ಕಸುಬುದಾರರು. ವ್ಯಾಪಾರ ಕುಗ್ಗಿದಾಗ ಅದೇ ವ್ಯಕ್ತಿ ಕೂಲಿಗೂ ಹೋಗುತ್ತಿದ್ದನು. ಹೀಗಾಗಿ ಒಂದು ಗಣತಿಯಲ್ಲಿ ಯಜಮಾನ, ಮುಂದಿನದರಲ್ಲಿ ನೌಕರ ಎಂದು ಕಂಡರೆ ಅದು ಬೇರೆ ವ್ಯಕ್ತಿಯೆಂದು ತಳ್ಳಿಹಾಕಬಾರದು.

ಕಟ್ಲರ್ಸ್ ಕಂಪನಿಯ ದಾಖಲೆಗಳೆಂದರೆ ಏನು? ಅವುಗಳಲ್ಲಿ ಏನು ಸಿಗುತ್ತದೆ?

ಹಾಲಂಶೈರ್ ಎಂಬುದು ಶೆಫೀಲ್ಡ್, ಎಕಲ್ಸ್‌ಫೀಲ್ಡ್, ಬ್ರಾಡ್‌ಫೀಲ್ಡ್ ಪ್ಯಾರಿಷ್‌ಗಳನ್ನು, ಅಂದರೆ ಚರ್ಚಿನ ಆಡಳಿತದ ವಲಯಗಳನ್ನು, ಒಳಗೊಂಡ ಹಳೆಯ ಸೀಮೆ. ಅಲ್ಲಿನ ಕಸುಬುದಾರರನ್ನು ನಿಯಂತ್ರಿಸಲು 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಹಾಲಂಶೈರ್ ಕಟ್ಲರ್ಸ್ ಕಂಪನಿ ಸ್ಥಾಪನೆಯಾಯಿತು. ಇದು ಇಂದಿನ ಅರ್ಥದ ವ್ಯಾಪಾರಿ ಕಂಪನಿಯಲ್ಲ, ಕಸುಬುದಾರರ ಸಂಘ. ರಾಬರ್ಟ್ ಸೋರ್ಸ್‌ಬಿ ಅದರ ಮೊದಲ ಅಧ್ಯಕ್ಷ, ಅಂದರೆ ಮಾಸ್ಟರ್ ಕಟ್ಲರ್. ಸೀಮೆಯ ಗಡಿಯಿಂದ ಆರು ಮೈಲಿಯವರೆಗೂ ಅದರ ಅಧಿಕಾರ ಹರಡಿದ್ದುದರಿಂದ ಡರ್ಬಿಶೈರ್‌ನ ಉತ್ತರದ ಹಳ್ಳಿಗಳೂ ಅದರೊಳಗೆ ಬರುತ್ತಿದ್ದವು.

ಹುಡುಗನೊಬ್ಬನು ಕಸುಬು ಕಲಿಯಬೇಕಾದರೆ ಕನಿಷ್ಠ ಏಳು ವರ್ಷ ಯಜಮಾನನೊಬ್ಬನ ಬಳಿ ಅಪ್ರೆಂಟಿಸ್ ಆಗಿ ಕರಾರಿಗೆ ಒಳಪಡಬೇಕಾಗಿತ್ತು. ಸಾಮಾನ್ಯವಾಗಿ ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಸೇರಿ ಇಪ್ಪತ್ತೊಂದಕ್ಕೆ ಹೊರಬರುತ್ತಿದ್ದನು. ಅನಂತರ ಅವನು ಫ್ರೀಮನ್ ಆಗಿ, ಅಂದರೆ ಸ್ವತಂತ್ರ ಕಸುಬುದಾರನಾಗಿ, ನೋಂದಾಯಿಸಿಕೊಂಡು, ತನ್ನ ಸರಕಿನ ಮೇಲೆ ಒತ್ತಲು ಒಂದು ಮುದ್ರೆಯನ್ನು ಪಡೆಯಬಹುದಾಗಿತ್ತು. 1624ರಿಂದ 1814ರವರೆಗಿನ ಅಪ್ರೆಂಟಿಸರ ಮತ್ತು ಫ್ರೀಮನ್‌ಗಳ ಪಟ್ಟಿ 20ನೇ ಶತಮಾನದ ಆರಂಭದಲ್ಲಿಯೇ ಅಚ್ಚಾಗಿದೆ. ಅದರಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ತಂದೆಯ ಊರು ಮತ್ತು ಉದ್ಯೋಗ, ಯಜಮಾನನ ಹೆಸರು, ಕರಾರಿನ ಅವಧಿ, ಸ್ವತಂತ್ರನಾದ ವರ್ಷ ಮುಂತಾದ ವಿವರಗಳು ಬರುತ್ತವೆ.

ಚರ್ಚಿನ ದಾಖಲೆಯಿಂದ ಸಿಗದ ಒಂದು ವಿಷಯವನ್ನು ಈ ಪಟ್ಟಿ ಕೊಡುತ್ತದೆ. 18ನೇ ಶತಮಾನದಲ್ಲಿ ಶೆಫೀಲ್ಡಿಗೆ ಬಂದ ಹುಡುಗರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಗಳ ರೈತರ, ಕೂಲಿಕಾರರ ಮಕ್ಕಳು. ವಿವಾಹದ ದಾಖಲೆಯಲ್ಲಿ ಅವರೆಲ್ಲ ‘ಶೆಫೀಲ್ಡ್ ಕಟ್ಲರ್’ ಎಂದಷ್ಟೇ ಕಾಣುತ್ತಾರೆ, ಹಿಂದಿನ ಊರು ಯಾವುದೆಂದು ತಿಳಿಯುವುದಿಲ್ಲ. ಅಪ್ರೆಂಟಿಸ್ ಪಟ್ಟಿಯ ಒಂದೇ ಸಾಲು ಆ ಹಳ್ಳಿಯ ಹೆಸರನ್ನು ಹೇಳಿಬಿಡುತ್ತದೆ. ಆ ಕಾಲದ ದುಡಿಯುವ ವರ್ಗದ ಕುಟುಂಬಗಳಿಗೆ ಇಷ್ಟು ವಿವರವಾದ ದಾಖಲೆ ಇರುವುದು ಅಪರೂಪ.

ಆ ಪಟ್ಟಿಯಲ್ಲಿ ನಮ್ಮವರ ಹೆಸರೇ ಇಲ್ಲ. ಹಾಗಾದರೆ ಅವರು ಕಟ್ಲರ್ ಆಗಿರಲಿಲ್ಲವೇ?

ಹಾಗೆಂದು ತೀರ್ಮಾನಿಸಬೇಕಾಗಿಲ್ಲ. ಮೊದಲನೆಯದಾಗಿ, 1814ರ ಕಾಯಿದೆಯ ಅನಂತರ ಕಂಪನಿಯ ಸದಸ್ಯನಲ್ಲದವನೂ, ಅಪ್ರೆಂಟಿಸ್ ಆಗಿ ಕಲಿಯದವನೂ ಈ ಕಸುಬನ್ನು ಮಾಡಬಹುದಾಯಿತು. ಹೀಗಾಗಿ 1800ರ ನಂತರ ಹುಟ್ಟಿದವರನ್ನು ಈ ಪಟ್ಟಿಯಲ್ಲಿ ಹುಡುಕಿ ನಿರಾಶರಾಗುವುದರಲ್ಲಿ ಅರ್ಥವಿಲ್ಲ. ಅವರ ತಂದೆಯನ್ನೋ ಅಜ್ಜನನ್ನೋ ಹುಡುಕಬೇಕು. ಎರಡನೆಯದಾಗಿ, ಬೆಳ್ಳಿ ಲೇಪದ ಪಾತ್ರೆಗಳ ಕೆಲಸಗಾರರು ಕಂಪನಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ, ಉಕ್ಕು ತಯಾರಕರಿಗೆ ಅದರ ಬಾಗಿಲು ತೆರೆದುದು 1860ರಲ್ಲಿ. ಮೂರನೆಯದಾಗಿ, ಅಪ್ರೆಂಟಿಸ್ ಆದವರೆಲ್ಲ ಫ್ರೀಮನ್ ಆಗಲಿಲ್ಲ: ಕೆಲವರು ಅವಧಿ ಮುಗಿಯುವ ಮೊದಲೇ ಸತ್ತರು, ಕೆಲವರು ಓಡಿಹೋದರು, ಕೆಲವರು ಸೈನ್ಯ ಸೇರಿದರು. ಉಪನಾಮದ ಕಾಗುಣಿತವನ್ನಂತೂ ನಂಬಲೇಬಾರದು, ಏಕೆಂದರೆ ಗುಮಾಸ್ತನು ಯಾರ್ಕ್‌ಶೈರ್‌ನ ಉಚ್ಚಾರಣೆಯನ್ನು ಕಿವಿಗೆ ಬಿದ್ದಂತೆ ಬರೆದಿದ್ದಾನೆ.

ಮನೆಯಲ್ಲಿರುವ ಚಾಕುವಿನ ಮೇಲಿನ ಮುದ್ರೆಯಿಂದ ಪೂರ್ವಜರನ್ನು ಪತ್ತೆ ಮಾಡಬಹುದೇ?

18ನೇ ಶತಮಾನದ ಚಾಕುವಾದರೆ ಸಾಧ್ಯತೆಯಿದೆ. ಶೆಫೀಲ್ಡಿನ 1787ರ ವ್ಯಾಪಾರ ಡೈರೆಕ್ಟರಿಯಲ್ಲಿ ತಯಾರಕರ ಹೆಸರಿನೊಂದಿಗೆ ಅವರ ಮುದ್ರೆಗಳನ್ನೂ ಅಚ್ಚು ಹಾಕಿದ್ದಾರೆ. ಮುದ್ರೆ ಒಂದು ಆಸ್ತಿಯಾಗಿತ್ತು. ವಿಧವೆಗೆ, ಮಗನಿಗೆ ಹೋಗುತ್ತಿತ್ತು, ಬೇರೆಯವರ ಕೈಸೇರುವುದೂ ಇತ್ತು. ಜೋಸೆಫ್ ರಾಡ್ಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಪ್ರಸಿದ್ಧ ಮುದ್ರೆಯ ಇತಿಹಾಸ 1682ರಿಂದ ಆರಂಭವಾಗುತ್ತದೆ.

19ನೇ ಶತಮಾನದ ಸರಕಿನ ಮೇಲಾದರೋ ಹೆಚ್ಚಾಗಿ ಇರುವುದು ಮಾರಿದವರ ಹೆಸರು, ಮಾಡಿದವರದ್ದಲ್ಲ. ಹತ್ತಾರು ಲಿಟಲ್ ಮೆಸ್ಟರ್‌ಗಳು ಮಾಡಿದ ಚಾಕುಗಳ ಮೇಲೆ ವರ್ತಕನೊಬ್ಬನು ತನ್ನ ಹೆಸರನ್ನು ಒತ್ತಿಸುತ್ತಿದ್ದನು. ನಿಮ್ಮ ಉಪನಾಮವೇ ಅಲಗಿನ ಮೇಲಿದೆಯೆಂದು ಆ ಸಂಸ್ಥೆಯೊಂದಿಗೆ ರಕ್ತಸಂಬಂಧ ಕಲ್ಪಿಸಿಕೊಂಡ ವಂಶವೃಕ್ಷಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಆಧಾರ ಕೇಳದೆ ಒಪ್ಪಿಕೊಳ್ಳಬೇಡಿ. ಬೆಳ್ಳಿಯ ವಸ್ತುವಾದರೆ ಸ್ಥಿತಿ ಮೇಲು: ಶೆಫೀಲ್ಡಿನ ಬೆಳ್ಳಿ ಪರೀಕ್ಷಾ ಕಚೇರಿ 1773ರಲ್ಲಿ ಆರಂಭವಾಗಿದ್ದು, ಅಲ್ಲಿ ನೋಂದಾಯಿಸಿದ ತಯಾರಕರ ಗುರುತುಗಳಿಂದ ವ್ಯಕ್ತಿಯನ್ನೂ ವರ್ಷವನ್ನೂ ತಿಳಿಯಬಹುದು.

ಕುಟುಂಬದ ಹೆಂಗಸರೂ ಈ ಕೆಲಸ ಮಾಡುತ್ತಿದ್ದರೇ?

ಖಂಡಿತವಾಗಿ ಮಾಡುತ್ತಿದ್ದರು, ಆದರೆ ದಾಖಲೆಗಳು ಅವರ ವಿಷಯದಲ್ಲಿ ಜಿಪುಣತನ ತೋರುತ್ತವೆ. ವಿಧವೆಯರು ಗಂಡನ ಮುದ್ರೆಯೊಂದಿಗೆ ಕಸುಬನ್ನು ಮುಂದುವರಿಸಿದ್ದು, ಅಪ್ರೆಂಟಿಸರನ್ನು ಇಟ್ಟುಕೊಂಡಿದ್ದು ಕಂಪನಿಯ ಪುಸ್ತಕಗಳಿಂದ ತಿಳಿಯುತ್ತದೆ. 19ನೇ ಶತಮಾನದಲ್ಲಿ ಚಮಚ, ಫೋರ್ಕುಗಳಿಗೆ ಮೆರುಗು ಕೊಡುವ ಕೆಲಸ ಬಹುಪಾಲು ಹೆಂಗಸರದ್ದೇ ಆಯಿತು. ‘ಬಫರ್ ಗರ್ಲ್ಸ್’ ಎಂದು ಹೆಸರಾದ ಇವರು ಕೊಳೆಯಿಂದ ಕಾಪಾಡಿಕೊಳ್ಳಲು ಕಂದು ಕಾಗದವನ್ನು ಮೈಗೆ ಸುತ್ತಿಕೊಂಡು, ತಲೆಗೆ ಕೆಂಪು ಬಟ್ಟೆ ಕಟ್ಟಿ ದುಡಿಯುತ್ತಿದ್ದರು. ಗಣತಿಯಲ್ಲಿ ‘ಬಫರ್’, ‘ಬರ್ನಿಷರ್’ ಎಂಬ ಪದಗಳನ್ನು ಹುಡುಕಿ. ಮದುವೆಯಾದ ಹೆಂಗಸಿನ ಉದ್ಯೋಗದ ಕಲಂ ಖಾಲಿ ಇದ್ದ ಮಾತ್ರಕ್ಕೆ ಆಕೆ ದುಡಿಯುತ್ತಿರಲಿಲ್ಲವೆಂದು ಬರೆದುಬಿಡಬೇಡಿ.

ನಮ್ಮ ವಂಶದ ಗಂಡಸರು ಮೂವತ್ತು-ನಲವತ್ತರ ಒಳಗೇ ತೀರಿಕೊಂಡಿದ್ದಾರೆ. ಇದಕ್ಕೂ ಕಸುಬಿಗೂ ಸಂಬಂಧವಿದೆಯೇ?

ಅವರು ಸಾಣೆ ಹಿಡಿಯುವವರಾಗಿದ್ದರೆ ಬಹುಶಃ ಇದೆ. ಕಲ್ಲಿನ ಮತ್ತು ಉಕ್ಕಿನ ಧೂಳು ಶ್ವಾಸಕೋಶಕ್ಕೆ ಸೇರಿ ಬರುತ್ತಿದ್ದ ಕಾಯಿಲೆಯನ್ನು ಅಲ್ಲಿ ಗ್ರೈಂಡರ್ಸ್ ಆಸ್ತಮಾ ಎನ್ನುತ್ತಿದ್ದರು. ಕಲ್ಲಿಗೆ ನೀರು ಬಳಸದೆ ಒಣಗಿಯೇ ಮಸೆಯುತ್ತಿದ್ದ ಫೋರ್ಕ್ ಕೆಲಸಗಾರರ ಪಾಡು ಎಲ್ಲರಿಗಿಂತ ಘೋರವಾಗಿತ್ತು. ಅವರಲ್ಲಿ ಹಲವರು ಮೂವತ್ತರ ಆಸುಪಾಸಿನಲ್ಲಿಯೇ ಸಾಯುತ್ತಿದ್ದರೆಂದು ಶೆಫೀಲ್ಡಿನ ವೈದ್ಯ ಕ್ಯಾಲ್ವರ್ಟ್ ಹಾಲೆಂಡ್ 1840ರ ದಶಕದಲ್ಲಿ ಬರೆದಿದ್ದಾರೆ. ಹೊಳೆಯ ದಡದಲ್ಲಿ ನೀರು ಬತ್ತಿದಾಗಲೆಲ್ಲ ಕೆಲಸ ತಾನಾಗಿ ನಿಲ್ಲುತ್ತಿತ್ತು. ಹಬೆಯಂತ್ರ ಬಂದ ಮೇಲೆ ಮುಚ್ಚಿದ ಕೋಣೆಗಳಲ್ಲಿ ವರ್ಷವಿಡೀ ಬಿಡುವಿಲ್ಲದ ದುಡಿಮೆಯಾಯಿತು.

ಮರಣ ಪ್ರಮಾಣಪತ್ರದಲ್ಲಿ ಇದು ‘ಆಸ್ತಮಾ’, ‘ಬ್ರಾಂಕೈಟಿಸ್’ ಅಥವಾ ಕ್ಷಯಕ್ಕೆ ಬಳಸುತ್ತಿದ್ದ ‘ಥೈಸಿಸ್’ ಎಂಬ ಹೆಸರಿನಲ್ಲಿ ಅಡಗಿರಬಹುದು. ವಂಶಾವಳಿಯ ದೃಷ್ಟಿಯಿಂದ ಇದರ ಪರಿಣಾಮ ದೊಡ್ಡದು: ಎಳೆಯ ವಯಸ್ಸಿನ ವಿಧವೆ ಮರುಮದುವೆಯಾಗುತ್ತಿದ್ದಳು, ಮಕ್ಕಳು ಮುಂದಿನ ಗಣತಿಯಲ್ಲಿ ಮಲತಂದೆಯ ಉಪನಾಮದಡಿ ಕಾಣಿಸಿಕೊಳ್ಳುತ್ತಿದ್ದರು. ಒಂದು ಕುಟುಂಬ ಇದ್ದಕ್ಕಿದ್ದಂತೆ ಕಣ್ಮರೆಯಾದರೆ, ಮಕ್ಕಳ ಮೊದಲ ಹೆಸರುಗಳ ಸಾಲನ್ನು ಇಟ್ಟುಕೊಂಡು ಅದೇ ಬೀದಿಯ ಸುತ್ತಮುತ್ತ ಹುಡುಕಿ ನೋಡಿ.

1837ಕ್ಕಿಂತ ಹಿಂದೆ ಹೋಗುವುದು ಹೇಗೆ?

ಇಂದು ಕೆಥೀಡ್ರಲ್ ಆಗಿರುವ ಶೆಫೀಲ್ಡಿನ ಪ್ಯಾರಿಷ್ ಚರ್ಚಿನ ದಾಖಲೆ ಪುಸ್ತಕಗಳು 1560ರಿಂದ ಸಿಗುತ್ತವೆ. ಊರಿನಲ್ಲಿ ಮೆಥಡಿಸ್ಟ್, ಯೂನಿಟೇರಿಯನ್ ಮೊದಲಾದ ಪಂಥಗಳು ಪ್ರಬಲವಾಗಿದ್ದುದರಿಂದ ಮಕ್ಕಳ ದೀಕ್ಷಾಸ್ನಾನವನ್ನು ಅವರ ಪ್ರಾರ್ಥನಾ ಮಂದಿರಗಳ ಪುಸ್ತಕಗಳಲ್ಲಿಯೂ ಹುಡುಕಬೇಕು. ಮದುವೆಯ ವಿಷಯ ಬೇರೆ: 1754ರಿಂದ 1837ರವರೆಗೆ ಕ್ವೇಕರ್ ಪಂಥದವರು ಮತ್ತು ಯೆಹೂದಿಗಳ ಹೊರತು ಎಲ್ಲರೂ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನಲ್ಲಿಯೇ ಮದುವೆಯಾಗಬೇಕಾಗಿತ್ತು. 1752ಕ್ಕಿಂತ ಮೊದಲು ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದುದನ್ನು ಮರೆತರೆ ಜನವರಿ-ಫೆಬ್ರವರಿಯ ದಿನಾಂಕಗಳು ಒಂದು ವರ್ಷ ಹಿಂದೆ ಸರಿಯುತ್ತವೆ.

1858ಕ್ಕಿಂತ ಹಿಂದಿನ ಉಯಿಲುಗಳು ಶೆಫೀಲ್ಡ್ ಕಡೆಯವರದ್ದಾದರೆ ಯಾರ್ಕ್‌ನ ಬಾರ್ತ್‌ವಿಕ್ ಸಂಸ್ಥೆಯಲ್ಲಿಯೂ, ನಾರ್ಟನ್, ಎಕಿಂಗ್ಟನ್‌ಗಳಂಥ ಡರ್ಬಿಶೈರ್ ಊರುಗಳವರದ್ದಾದರೆ ಲಿಚ್‌ಫೀಲ್ಡ್ ಧರ್ಮಪ್ರಾಂತದ ದಾಖಲೆಗಳಲ್ಲಿಯೂ ಇರುತ್ತವೆ. ಉಯಿಲಿನೊಂದಿಗೆ ಸತ್ತವನ ಸೊತ್ತಿನ ಪಟ್ಟಿ ಉಳಿದಿದ್ದರೆ ಅದನ್ನು ಬಿಡದೆ ಓದಿ. ತಿದಿ, ಅಡಿಗಲ್ಲು, ಸುತ್ತಿಗೆಗಳ ಜೊತೆಗೆ ಒಂದು ಹಸು, ಸ್ವಲ್ಪ ಹುಲ್ಲು ಎಂದಿದ್ದರೆ, ಅವನು ಕಮ್ಮಾರಿಕೆಯನ್ನೂ ಬೇಸಾಯವನ್ನೂ ಒಟ್ಟಿಗೆ ನಡೆಸಿದವನೆಂದು ತಿಳಿಯುತ್ತದೆ. ಆ ಸೀಮೆಯಲ್ಲಿ ಅಂಥವರೇ ಹೆಚ್ಚು. ನೀರಿನ ಸಾಣೆಚಕ್ರಗಳ ಗೇಣಿದಾರರ ಹೆಸರುಗಳು ನಾರ್ಫೋಕ್ ಡ್ಯೂಕರ ಜಮೀನು ಕಾಗದಪತ್ರಗಳಲ್ಲಿವೆ; ಅವು ಶೆಫೀಲ್ಡಿನ ದಾಖಲೆಗೃಹದಲ್ಲಿ ದೊರೆಯುತ್ತವೆ.

ಸಾಮಾನ್ಯವಾಗಿ ಯಾರೂ ನೋಡದ, ಆದರೆ ನೋಡಬೇಕಾದ ದಾಖಲೆಗಳು ಯಾವುವು?

ಮೊದಲು ಹೇಳಬೇಕಾದುದು 1864ರ ಪ್ರವಾಹದ ಪರಿಹಾರ ಅರ್ಜಿಗಳು. ಆ ವರ್ಷ ಮಾರ್ಚ್ 11ರ ರಾತ್ರಿ ಡೇಲ್ ಡೈಕ್ ಅಣೆಕಟ್ಟೆ ಒಡೆದು, ಲಾಕ್ಸ್‌ಲಿ ಮತ್ತು ಡಾನ್ ಕಣಿವೆಗಳಲ್ಲಿ ಕನಿಷ್ಠ 240 ಮಂದಿ ಸತ್ತರು. ನಷ್ಟ ಹೊಂದಿದವರು ಸಲ್ಲಿಸಿದ ಸುಮಾರು 7,000 ಅರ್ಜಿಗಳಲ್ಲಿ ಸಾಣೆಗಾರರು ಕಳೆದುಕೊಂಡ ಕಲ್ಲು, ಚಕ್ರ ತಿರುಗಿಸುವ ಪಟ್ಟಿ, ಉಪಕರಣಗಳಿಂದ ಹಿಡಿದು ಮನೆಯ ಬಟ್ಟೆಬರೆಯವರೆಗಿನ ವಿವರಗಳಿವೆ. ಬಡ ಕುಟುಂಬವೊಂದರ ಮನೆಯೊಳಗೆ ಏನೇನಿತ್ತೆಂದು ತಿಳಿಯಲು ಇಂಥ ಅವಕಾಶ ಇನ್ನೆಲ್ಲಿಯೂ ಸಿಗಲಾರದು. ಅರ್ಜಿಗಳನ್ನು ಆನ್‌ಲೈನಿನಲ್ಲಿ ಹುಡುಕಬಹುದು.

1860ರ ದಶಕದಲ್ಲಿ ಕಾರ್ಮಿಕ ಸಂಘಕ್ಕೆ ಸೇರದವರ, ವಂತಿಗೆ ಕಟ್ಟದವರ ಯಂತ್ರಪಟ್ಟಿಗಳನ್ನು ಕದಿಯುವುದು, ಮದ್ದು ಸಿಡಿಸುವುದು ಮುಂತಾದ ಹಿಂಸೆಗಳು ನಡೆದವು. ಇವನ್ನು ವಿಚಾರಿಸಲು 1867ರಲ್ಲಿ ಶೆಫೀಲ್ಡಿನಲ್ಲಿ ಆಯೋಗ ಕುಳಿತಾಗ, ಗರಗಸ ಸಾಣೆಗಾರರ ಸಂಘದ ಕಾರ್ಯದರ್ಶಿ ವಿಲಿಯಂ ಬ್ರಾಡ್‌ಹೆಡ್ ತನ್ನ ಪಾತ್ರವನ್ನು ಒಪ್ಪಿಕೊಂಡನು. ಸಾಮಾನ್ಯ ಕೆಲಸಗಾರರ ಸಾಕ್ಷ್ಯವೂ ಅದರ ವರದಿಯಲ್ಲಿದೆ. 1840ರ ಮತ್ತು 1860ರ ದಶಕಗಳ ಬಾಲಕಾರ್ಮಿಕ ಆಯೋಗಗಳ ಮುಂದೆ ಮಕ್ಕಳು ಸ್ವತಃ ಹೇಳಿದ ಮಾತುಗಳೂ ಅಚ್ಚಾಗಿವೆ.

ಕಾರ್ಖಾನೆಗಳ ಸಂಬಳದ ಪುಸ್ತಕಗಳು ಸಿಗುತ್ತವೆಯೇ?

ಅಪರೂಪ. ಹೊರಗಿನ ಕೆಲಸಗಾರರಿಗೆ ತುಂಡು ಲೆಕ್ಕದಲ್ಲಿ ಹಣ ಕೊಡುತ್ತಿದ್ದುದರಿಂದ ನೌಕರರ ಪಟ್ಟಿಯೇ ಹಲವೆಡೆ ಇರಲಿಲ್ಲ, ಮತ್ತು 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ನಗರದ ಮಧ್ಯಭಾಗ ನಾಶವಾಯಿತು.

ಪೂರ್ವಜರು ಲಂಡನ್ನಿನ ಕಟ್ಲರ್ ಆಗಿದ್ದರೆ?

ಲಂಡನ್ ಸಂಘದ ಹಳೆಯ ದಾಖಲೆಗಳನ್ನು ಗಿಲ್ಡ್‌ಹಾಲ್ ಗ್ರಂಥಾಲಯದಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ಲಂಡನ್ನಿನ ಸಂಘಗಳಲ್ಲಿ ತಂದೆಯ ಸದಸ್ಯತ್ವ ಮಗನಿಗೂ ಬರುತ್ತಿದ್ದುದರಿಂದ, ಕಟ್ಲರ್ಸ್ ಸಂಘದ ಸದಸ್ಯನು ನಿಜವಾಗಿ ಬೇರೆ ವ್ಯಾಪಾರ ಮಾಡುತ್ತಿದ್ದಿರಬಹುದು. ಅಪ್ರೆಂಟಿಸ್ ಶುಲ್ಕದ ಮೇಲಿನ ತೆರಿಗೆಯ 1710ರಿಂದ 1811ರವರೆಗಿನ ಪುಸ್ತಕಗಳು ರಾಷ್ಟ್ರೀಯ ದಾಖಲೆಗೃಹದಲ್ಲಿದ್ದು, ಇಡೀ ದೇಶಕ್ಕೆ ಸಂಬಂಧಿಸಿವೆ.

ನಮ್ಮವರು ಶೆಫೀಲ್ಡ್ ಬಿಟ್ಟು ಅಮೆರಿಕಕ್ಕೋ ಭಾರತಕ್ಕೋ ಹೋದರೆಂದು ಕೇಳಿದ್ದೇವೆ. ಹೇಗೆ ಖಚಿತಪಡಿಸಿಕೊಳ್ಳುವುದು?

ಅಮೆರಿಕಕ್ಕೆ ಹೋದವರು ಹೆಚ್ಚಾಗಿ ಕಸುಬನ್ನು ಹೊತ್ತುಕೊಂಡೇ ಹೋದರು. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ರಾಜ್ಯಗಳ ಚಾಕು ಕಾರ್ಖಾನೆಗಳಲ್ಲಿ ಶೆಫೀಲ್ಡಿನವರಿದ್ದರು. 1852ರಲ್ಲಿ ಆರಂಭವಾಗಿ ಬಳಿಕ ವಾಲ್ಡನ್ ಊರಿಗೆ ಹೋದ ನ್ಯೂಯಾರ್ಕ್ ನೈಫ್ ಕಂಪನಿಯನ್ನು ಕಟ್ಟಿದವರೇ ಅಂಥ ವಲಸಿಗರು. ಅಲ್ಲಿನ ಗಣತಿಯಲ್ಲಿ ‘ಹುಟ್ಟಿದ್ದು ಇಂಗ್ಲೆಂಡ್, ಕಟ್ಲರ್’ ಎಂದಿರುವವರ ಅಕ್ಕಪಕ್ಕದ ಮನೆಗಳನ್ನೂ ಓದಿ. ನೆಂಟರು ಒಟ್ಟಿಗೆ ಇರುತ್ತಿದ್ದರು.

ಭಾರತಕ್ಕೆ ಬಂದವರ ದಾರಿ ಹೆಚ್ಚಾಗಿ ಸೈನ್ಯ. ವ್ಯಾಪಾರ ಕುಸಿದಾಗ ಯುವಕರು ದಂಡು ಸೇರುತ್ತಿದ್ದರು, ಸೇರುವಾಗ ಹುಟ್ಟಿದ ಊರನ್ನೂ ಹಿಂದಿನ ಕಸುಬನ್ನೂ ಹೇಳಬೇಕಾಗಿತ್ತು. ಬ್ರಿಟಿಷ್ ಸೈನ್ಯದ ನಿವೃತ್ತ ಸೈನಿಕರ ಬಿಡುಗಡೆ ಪತ್ರಗಳಲ್ಲಿ ಈ ಎರಡೂ ವಿವರಗಳಿರುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ದಾಖಲೆಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರಿನಲ್ಲಿ 1809ರಲ್ಲಿ ನೆಲೆಗೊಂಡ ದಂಡಿನ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಮದರಾಸು ಪ್ರೆಸಿಡೆನ್ಸಿಯ ಹೆಸರಿನಲ್ಲಿ ಅಲ್ಲಿಗೇ ಹೋಗಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಶೋಧನೆಗಾಗಿಯೇ ಇರುವ ಫಿಬಿಸ್ ಸಂಘದ ಉಚಿತ ಸೂಚಿಯಿಂದ ಈ ಹುಡುಕಾಟವನ್ನು ಆರಂಭಿಸಬಹುದು. ಸರಕಿನ ನಂಟೂ ಇತ್ತು: ಶೆಫೀಲ್ಡಿನ ಚಾಕುಗಳ ಹಿಡಿಗೆ ಭಾರತದ ಕಡವೆ ಕೊಂಬನ್ನು ಹೇರಳವಾಗಿ ಬಳಸುತ್ತಿದ್ದರು.

ಶೆಫೀಲ್ಡಿಗೆ ಹೋಗದೆ ಇಷ್ಟೆಲ್ಲ ಮಾಡಬಹುದೇ? ದಾಖಲೆಗೃಹಕ್ಕೆ ಬರೆಯುವಾಗ ಏನು ತಿಳಿಸಬೇಕು?

ಬಹುಪಾಲು ಮಾಡಬಹುದು. ಗಣತಿ, ಪ್ಯಾರಿಷ್ ದಾಖಲೆ, ಹಳೆಯ ಪತ್ರಿಕೆಗಳು ಹಣ ಕೊಟ್ಟು ಬಳಸುವ ಜಾಲತಾಣಗಳಲ್ಲಿವೆ. ಶೆಫೀಲ್ಡ್ ಇಂಡೆಕ್ಸರ್ಸ್ ಎಂಬ ಸ್ವಯಂಸೇವಕರ ತಂಡ ಸಮಾಧಿ ದಾಖಲೆಗಳನ್ನೂ ಡೈರೆಕ್ಟರಿಗಳನ್ನೂ ಉಚಿತವಾಗಿ ಒದಗಿಸಿದೆ. ಹೋಗುವ ಅವಕಾಶವಿದ್ದರೆ ಪೋರ್ಟರ್ ಹೊಳೆಯ ದಡದ ಶೆಫರ್ಡ್ ವ್ಹೀಲ್ ಎಂಬ ನೀರಿನ ಸಾಣೆಮನೆಯನ್ನೂ, ಕೆಲಂ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿರುವ, ಹಾಲಿ ಎಂಬವರ ಹೆಸರಿನ ಉಪಕರಣ ಸಂಗ್ರಹವನ್ನೂ ನೋಡಿ ಬನ್ನಿ.

ಪತ್ರದಲ್ಲಿ ‘ನಮ್ಮ ವಂಶದ ಮಾಹಿತಿ ಕಳುಹಿಸಿ’ ಎಂದು ಬರೆದರೆ ಯಾರಿಗೂ ಉತ್ತರಿಸಲು ಸಾಧ್ಯವಾಗದು. ಒಬ್ಬನೇ ವ್ಯಕ್ತಿಯ ಪೂರ್ಣ ಹೆಸರು, ಅಂದಾಜು ಹುಟ್ಟಿದ ವರ್ಷ, ಗಣತಿಯಲ್ಲಿ ಕಂಡ ಉದ್ಯೋಗದ ಯಥಾವತ್ ಪದಗಳು, ಬೀದಿಯ ಹೆಸರು, ನೀವು ಈಗಾಗಲೇ ನೋಡಿರುವ ದಾಖಲೆಗಳು, ಇವಿಷ್ಟನ್ನು ತಿಳಿಸಿ ಒಂದೇ ಪ್ರಶ್ನೆ ಕೇಳಿ. ಅಪ್ರೆಂಟಿಸ್ ಪಟ್ಟಿಯಲ್ಲಿ ಹೆಸರು ಸಿಕ್ಕಿದ್ದರೆ ಯಜಮಾನನ ಹೆಸರನ್ನೂ ಕರಾರಿನ ವರ್ಷವನ್ನೂ ಸೇರಿಸಿ. ಕಂಪನಿಯ ಪುಸ್ತಕಗಳಲ್ಲಿ ಹುಡುಕುವವರಿಗೆ ಅವೆರಡು ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆ.